ಈರಪ್ಪನವರ ಲ್ಯಾಂಡ್‌ಮಾಸ್ಟರ್

ಆಗ ನಾನು ಬಾಗಲಕೋಟೆಯ ಸಾರಿಗೆ ಕಚೇರಿಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ತಿಂಗಳಿಗೊಮ್ಮೆ ಇಳಕಲ್ಲಿನಲ್ಲಿ ಕ್ಯಾಂಪ್ ಇರುತ್ತಿತ್ತು. ಅಲ್ಲಿನವರು ಬಾಗಲಕೋಟೆಗೆ ಅಲೆಯುವುದು ಬೇಡವೆಂದು ನಾವೇ ಹೋಗಿ ವಾಹನ ತಪಾಸಣೆ ಮುಗಿಸಿ ಬರುತ್ತಿದ್ದೆವು.

ಅಂಥ ಒಂದು ಕ್ಯಾಂಪಿಗೆ ಕಡುಹಸಿರು ಬಣ್ಣದ ಕಾರೊಂದು ಬಂತು. ಸಾಲಿನಲ್ಲಿದ್ದವರು ಅಂಬಾಸಿಡರ್ ಅಂದುಕೊಂಡರು. ಅದು ಲ್ಯಾಂಡ್‌ಮಾಸ್ಟರ್, ಅಂಬಾಸಿಡರಿಗಿಂತ ಮುಂಚಿನದು. ಅಷ್ಟು ವರ್ಷದ ನೌಕರಿಯಲ್ಲಿ ಫೋಟೋದಲ್ಲಿ ಬಿಟ್ಟರೆ ಎದುರಿಗೆ ಕಂಡಿರಲಿಲ್ಲ.

ಸ್ಟೇರಿಂಗ್ ಹಿಂದಿನಿಂದ ಇಳಿದವರು ಶಾಂತಾ, ಮನೆಯಲ್ಲೇ ಸೀರೆ ನೇಯುವ ನಲವತ್ತರ ಹೆಣ್ಣುಮಗಳು. ಪಕ್ಕದ ಸೀಟಿನಲ್ಲಿ ಅವರ ತಂದೆ ಈರಪ್ಪ. ಹುನಗುಂದದ ವೈದ್ಯರೊಬ್ಬರಿಗೆ ಜೀವಮಾನವಿಡೀ ಈ ಕಾರು ಓಡಿಸಿದವರು. ವೈದ್ಯರು ಊರು ಬಿಡುವಾಗ ಕಾರನ್ನು ಇವರ ಹೆಸರಿಗೇ ಮಾಡಿಕೊಟ್ಟಿದ್ದರು. ಆಮೇಲೆ ಈರಪ್ಪನವರಿಗೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದವು. ಕಾರು ನಿಂತಿತು, ನೋಂದಣಿಯ ಅವಧಿಯೂ ತೀರಿತು.

"ವರ್ಷಗಟ್ಲೆ ರಿಪೇರಿ ಮಾಡಿಸೇನ್ರಿ ಸರ. ಅಪ್ಪನ್ನ ಒಮ್ಮಿ ಇದರಾಗ ಬದಾಮಿಗೆ ಕರಕೊಂಡು ಹೋಗಬೇಕಾಗೇತಿ," ಎಂದರು ಶಾಂತಾ.

ನವೀಕರಣಕ್ಕೆ ಮುಖ್ಯವಾದದ್ದು ಚಾಸಿ ನಂಬರು. ವಾಹನದ ಲೋಹದಲ್ಲೇ ಕೊರೆದಿರುವ ಆ ನಂಬರು ಕಾಗದಪತ್ರದ ನಂಬರಿಗೆ ಹೊಂದಬೇಕು. ಬಾನೆಟ್ ಎತ್ತಿಸಿದೆ. ಅದೇ ನಂಬರಿನ ತಗಡಿನ ಪಟ್ಟಿಯೂ ಇರಬೇಕಾದ ಕಡೆ ಮೊಳೆಯ ತೂತುಗಳಷ್ಟೇ ಇದ್ದವು. ಕೊರೆದ ನಂಬರಿಗಾಗಿ ಟಾರ್ಚ್ ಹಾಕಿ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಎರಡು ಮೂರು ಗುಜರಿ ಗಾಡಿ ಸೇರಿಸಿ ಹಳೆಯ ಕಾರೆಂದು ಮಾರುವವರನ್ನು ನಾನು ಕಂಡಿದ್ದೆ.

"ಇದು ಖೋಟಾ ಗಾಡಿ ಐತೆವ್ವಾ. ಎಲ್ಲಿ ಜೋಡಿಸಿದ್ರಿ?" ಎಂದು ಎಲ್ಲರೆದುರು ಕೇಳಿಬಿಟ್ಟೆ.

ಶಾಂತಾ ಅವರ ಮುಖ ಸಣ್ಣದಾಯಿತು. "ನಾ ಗಾಡಿ ಕಲತದ್ದ ಇದರಾಗ್ರಿ. ಖೋಟಾ ಹೆಂಗ ಆಗತೈತಿ?"

ನಾನು ಅರ್ಜಿಯ ಮೇಲೆ 'ತಿರಸ್ಕರಿಸಿದೆ' ಎಂದು ಬರೆಯತೊಡಗಿದೆ. ಆಗ ಕಾರಿನೊಳಗೆ ಧಡಧಡ ಸದ್ದು. ಈರಪ್ಪ ಎಡಗೈಯಿಂದ ಡ್ಯಾಶ್‌ಬೋರ್ಡ್ ಗುದ್ದುತ್ತಿದ್ದರು. ಮಗಳು ಓಡಿ ಹೋಗಿ ಅವರನ್ನು ಇಳಿಸಿಕೊಂಡರು. ಒಂದೊಂದೇ ಹೆಜ್ಜೆ ಎಳೆಯುತ್ತ ಬಾನೆಟ್ ತನಕ ಬಂದ ಈರಪ್ಪ ಬ್ಯಾಟರಿಯ ಮೇಲೆ ಬೆರಳಿಟ್ಟರು. "ತೆಗೀಲ್ಯಾ, ಅಪ್ಪಾ?" ಎಂದು ಮಗಳು ಕೇಳಿದರೆ, ಹೂಂ ಎಂಬಂತೆ ತಲೆಯಾಡಿಸಿದರು.

ಬ್ಯಾಟರಿ ತೆಗೆದು, ಅದರ ತಟ್ಟೆಯನ್ನೂ ಬಿಚ್ಚಿಸಿದೆ. ಅಡಿಯಲ್ಲಿ ದಪ್ಪಗೆ ಗ್ರೀಸು, ಅದರ ಕೆಳಗೆ ಹಳೆಯ ಬಣ್ಣ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ನಾನೇ ತಿಕ್ಕಿದೆ. ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದಾಗ ಅಂಕಿಗಳು ಮೂಡಿದವು. ಶಾಂತಾ ನೋಂದಣಿ ಪುಸ್ತಕದಿಂದ ಓದಿದರು, ನಾನು ಕಾಗದದಿಂದ. ಕೊನೆಯ ಅಂಕಿಯವರೆಗೂ ತಪ್ಪಲಿಲ್ಲ. ಎಂದೋ ದೊಡ್ಡ ಬ್ಯಾಟರಿ ಕೂರಿಸಲು ತಟ್ಟೆ ಸರಿಸಿದಾಗ ನಂಬರು ಮುಚ್ಚಿಹೋಗಿತ್ತು.

"ನಾ ಹಂಗ ಅನ್ನಬಾರದಿತ್ತವಾ," ಎಂದೆ.

"ನನಗಲ್ರಿ, ಅಪ್ಪಗ ಹೇಳ್ರಿ. ಆ ಮಾತು ಅವನ ಕಿವೀಗೂ ಬಿದ್ದೈತಿ."

ಈರಪ್ಪನವರ ಮುಂದೆ ನಿಂತು, "ಗಾಡಿ ಖರೇನ ಐತ್ರಿ ಈರಪ್ಪನವರ. ನಂದ ತಪ್ಪಾತು," ಎಂದೆ. ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು, ಹಸಿರು ಬಣ್ಣದ ಮೇಲೆ ನಾನು ಮೂಡಿಸಿದ್ದ ಗ್ರೀಸಿನ ಬೆರಳಚ್ಚುಗಳನ್ನು ಎಡಗೈಯಿಂದ ಒರೆಸತೊಡಗಿದರು. ಪೂರ್ತಿ ಹೋಗುವವರೆಗೂ ಬಿಡಲಿಲ್ಲ.

ಅರ್ಧ ಬರೆದಿದ್ದನ್ನು ಹೊಡೆದುಹಾಕಿ ಐದು ವರ್ಷದ ನವೀಕರಣಕ್ಕೆ ಸಹಿ ಮಾಡಿದೆ. ಸಂಶಯಪಡುವುದು ನಿರೀಕ್ಷಕನ ಕೆಲಸ, ಅದಕ್ಕೆ ಇವತ್ತಿಗೂ ನಾನು ನಾಚುವುದಿಲ್ಲ. ಆದರೆ ಗಾಡಿಯನ್ನು ಅಷ್ಟು ಹೊತ್ತು ನೋಡಿದ ನಾನು, ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ ಒಳಗೇ ಕೂತಿದ್ದರೂ ಅವರನ್ನು ಏನೊಂದೂ ಕೇಳಿರಲಿಲ್ಲ. ಉಳಿದ ಎರಡು ವರ್ಷ, ಬಾನೆಟ್ ಎತ್ತಿಸುವ ಮೊದಲು ಓಡಿಸಿದವರನ್ನು ಮಾತಾಡಿಸುತ್ತಿದ್ದೆ.