ನಂಜತ್ತೆ ಮರಳಿ ತಂದ ಮಾತು

ಸೇಲಂನ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಬೆಸುಗೆಯ ರಾಳ ಸುಟ್ಟ ವಾಸನೆ ಮೂಗಿಗೆ ಬಂತು. ಸಾಂಬ್ರಾಣಿಗಿಂತ ತುಸು ಒಗರು, ಕಣ್ಣಿಗೆ ತುಸು ಉರಿ. ಅಂಗಡಿಯವನು ಕರೆದದ್ದು ನನಗೆ ಕೇಳಿಸಲಿಲ್ಲ. ನಾನಾಗಲೇ ಪಾಲಮಲೆ ಬೆಟ್ಟದ ಬುಡದ ನಮ್ಮ ಹೆಂಚಿನ ಮನೆಯ ಜಗಲಿಗೆ ಹೋಗಿಬಿಟ್ಟಿದ್ದೆ. ಅಲ್ಲಿ ನಂಜತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾದ ಬೆಸುಗೆ ಕಡ್ಡಿಯನ್ನು ತಂತಿಯ ತುದಿಗೆ ಮುಟ್ಟಿಸುತ್ತಿದ್ದಳು. ಪಕ್ಕದಲ್ಲಿ ಒಣಹಾಕಿದ ಕಡಲೆಕಾಯಿ, ಅಂಗಳದಲ್ಲಿ ಮರಗೆಣಸಿನ ರಾಶಿ. ನಿಮ್ಮ ಬಾಲ್ಯದ ಮನೆಗೂ ಇಂಥದೇ ಒಂದು ವಾಸನೆ ಇದ್ದೀತು. ಮನೆ ಹೋದ ಮೇಲೂ ಅದು ಉಳಿದಿರುತ್ತದೆ.

ನಂಜತ್ತೆ ನನ್ನ ಅಪ್ಪನ ತಂಗಿ. ಮೆಟ್ಟೂರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಮಾವ ತೀರಿಕೊಂಡಾಗ ಅವಳು ತವರಿಗೆ ಹೊತ್ತು ತಂದದ್ದು ಒಂದು ಬಟ್ಟೆಯ ಗಂಟು ಮತ್ತು ಮಾವನ ಸಾಮಾನಿನ ತಗಡಿನ ಪೆಟ್ಟಿಗೆ. ಗಂಡನ ಪಕ್ಕ ಕೂತು ನೋಡಿ ನೋಡಿ ಕಲಿತದ್ದು ಅವಳ ಕೈಬಿಡಲಿಲ್ಲ. ಹಿತ್ತಲಿನಲ್ಲಿ ದೊಡ್ಡ ಜಾಲರಿಯ ಡಿಶ್ ನಿಲ್ಲಿಸಿ, ಬೇವಿನ ಮರದಿಂದ ತೆಂಗಿನ ಮರಕ್ಕೆ, ಅಲ್ಲಿಂದ ಮಾಡಿಗೆ ತಂತಿ ಎಳೆದು ಊರಿನ ಮನೆಮನೆಗೂ ಟಿವಿ ಕೊಟ್ಟಳು. ಹೆಂಗಸು ಏಣಿ ಹತ್ತುವುದನ್ನು ಕಂಡು ಮೊದಮೊದಲು ನಕ್ಕವರೇ ಆಮೇಲೆ ಚಿತ್ರ ಕುಣಿದರೆ ಓಡಿಬರುತ್ತಿದ್ದರು.

ಆ ಡಿಶ್ ಬಂದ ಮೇಲೆ ಬದುಕು ಬದಲಾದದ್ದು ನಂಜತ್ತೆಯ ಅವ್ವ, ನಮ್ಮ ಅಜ್ಜಿಗೆ. ಅಜ್ಜಿ ಕಾವೇರಿಯ ಆಚೆ, ಕೊಳ್ಳೇಗಾಲದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಈ ಊರಿನಲ್ಲಿ ತಲೆ ಬೆಳ್ಳಗಾದರೂ ತಮಿಳು ಅವಳ ನಾಲಿಗೆಗೆ ಹತ್ತಲೇ ಇಲ್ಲ. ಮನೆಯಲ್ಲೂ ಬೀದಿಯಲ್ಲೂ ನಮ್ಮವರು ಕನ್ನಡವನ್ನೇ ಆಡುತ್ತಿದ್ದರು; ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ತಮಿಳು ಬರುತ್ತಿತ್ತು, ಅಷ್ಟೆ. ಟಿವಿ ಮುಂದೆ ಕೂತು, "ಏನಂತವ್ನೆ ಅವ್ನು? ಅವ್ಳು ಯಾಕೆ ಅಳ್ತಾವ್ಳೆ?" ಎಂದು ನಮ್ಮನ್ನು ಕೇಳುತ್ತಿದ್ದಳು. ನಾವು ಮಕ್ಕಳು ಬೇಸರಕ್ಕೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆವು. ಆರನೇ ನಂಬರಿನಲ್ಲಿ ಕನ್ನಡ ಚಾನೆಲ್ ಬಂದ ದಿನ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ವಾರ್ತೆ ಓದುವವಳು ನಮಸ್ಕಾರ ಎಂದರೆ ತಿರುಗಿ ಕೈಮುಗಿದಳು. ಅಂದಿನಿಂದ ದಿನಾ ಮುಗಿದಳು.

ಕೆಲವು ವರ್ಷಗಳಾದ ಮೇಲೆ, ಒಂದು ಬೆಳಗ್ಗೆ, ಆರನೇ ನಂಬರಿನಲ್ಲಿ ಬರೀ ಚುಕ್ಕೆ, ಬರೀ ಸೊಯ್ಯೆನ್ನುವ ಸದ್ದು. ಆ ಚಾನೆಲ್ಲಿನವರು ಡಿಜಿಟಲ್‌ಗೆ ಬದಲಾಗಿದ್ದರು. ನಂಜತ್ತೆಯ ಹಳೆಯ ರಿಸೀವರಿಗೆ ಅದನ್ನು ಹಿಡಿಯಲು ಬರುತ್ತಿರಲಿಲ್ಲ. ಊರಿನವರಿಗೆ ಇದು ಹೇಗೆ ಗೊತ್ತಾಗಬೇಕು? ಎಲ್ಲರೂ ತಂತಮ್ಮ ಟಿವಿ ಕೆಟ್ಟಿತೆಂದುಕೊಂಡರು. ಕೆಳಗಿನ ಬೀದಿಯ ಮಾದಪ್ಪಜ್ಜ ಟಿವಿಯನ್ನು ದುಪ್ಪಟಿಯಲ್ಲಿ ಕಟ್ಟಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಎರಡು ಸಲ ಮೆಟ್ಟೂರಿಗೆ ಹೋಗಿಬಂದ. ನಂಜತ್ತೆ ಒಂದು ವಾರ ಬೀದಿ ಬೀದಿ ತಿರುಗಿದಳು. "ನಿಮ್ ಟೀವಿಗೆ ಏನೂ ಆಗಿಲ್ಲ. ಕಳಿಸೋರು ಕಳಿಸೋ ತರ ಬದಲಾಯಿಸವ್ರೆ. ಅದ್ನ ಇಡಿಯೋ ಪೆಟ್ಟಿ ನಾನು ಬದಲಾಯಿಸ್ಬೇಕು. ಕೊಂಚ ಪೊರುತ್ತುಕೊಳ್ಳಿ, ತಾಳ್ಕೊಳ್ಳಿ," ಎಂದು ಪ್ರತಿ ಮನೆಯ ಹೊಸ್ತಿಲಲ್ಲಿ ಕೂತು ಹೇಳಿದಳು.

ಎಲ್ಲರಿಗೂ ಆ ಚಾನೆಲ್ ಬೇಕಿರಲಿಲ್ಲ ಎಂಬುದನ್ನೂ ಹೇಳಬೇಕು. ನಾವು ಹುಡುಗ ಹುಡುಗಿಯರು ಗುಂಪಾಗಿ ಹೋಗಿ, ಆರನೇ ನಂಬರಿಗೆ ತಮಿಳು ಪಾಟಿನ, ಅಂದರೆ ಹಾಡಿನ, ಚಾನೆಲ್ ಹಾಕು ಎಂದು ಕೇಳಿದೆವು. ಗಟ್ಟಿಯಾಗಿ ಕೇಳಿದವಳು ನಾನೇ. "ಕನ್ನಡ ಯಾರು ನೋಡ್ತಾರತ್ತೆ? ಅಜ್ಜಿ ಒಬ್ಳೇ ತಾನೆ." ಅಜ್ಜಿ ಕಂಬದ ಆಚೆ ಕಡಲೆಕಾಯಿ ಬಿಡಿಸುತ್ತಿದ್ದಳು. ಮಾರನೆಯ ದಿನದಿಂದ ಅವಳು ಟಿವಿಯ ಕೋಣೆಗೆ ಬರುವುದನ್ನು ಬಿಟ್ಟಳು. ದನದ ಕೊಟ್ಟಿಗೆಯ ಕಡೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಯಾರು ಏನಂದರು ಎಂದು ಕೇಳುವುದನ್ನೂ ನಿಲ್ಲಿಸಿದಳು.

ನಂಜತ್ತೆ ನನ್ನನ್ನು ಬೈಯಲಿಲ್ಲ. ಸೇಲಂಗೆ ಹೋದಳು. ಆ ಹಳ್ಳಿಯಲ್ಲಿ ಕನ್ನಡ ಯಾರು ನೋಡುತ್ತಾರಮ್ಮ ಎಂದು ಅಲ್ಲಿನ ಅಂಗಡಿಯವನೂ ತಮಿಳಿನಲ್ಲಿ ಕೇಳಿದನಂತೆ. "ಎಂಗಮ್ಮಾ ಪಾಪ್ಪಾಂಗ" ಎಂದಳಂತೆ, ನಮ್ಮಮ್ಮ ನೋಡುತ್ತಾಳೆ ಎಂದು. ಹೊಸ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿಳಿದಳು. ಆದರೆ ಎರಡು ದಿನ ಏನು ಮಾಡಿದರೂ ಪರದೆ ಕಪ್ಪಗೇ ಇತ್ತು. "ಅಳೇದು ಮಸುಕಾದ್ರೂ ತೋರಿಸ್ತಿತ್ತು. ಇದು ಬಂದ್ರೆ ಪೂರಾ ಬತ್ತದೆ, ಇಲ್ಲಾಂದ್ರೆ ಏನೂ ಇಲ್ಲ," ಎಂದಳು ಅಪ್ಪನಿಗೆ. ಪಾಲಮಲೆಯಿಂದ ಇಳಿಯುವ ಗಾಳಿಗೆ ಡಿಶ್ ಎಲ್ಲೋ ಕೂದಲೆಳೆಯಷ್ಟು ವಾಲಿತ್ತು.

ಮೂರನೆಯ ದಿನ ಮಧ್ಯಾಹ್ನ ಅವಳು ಕೊಟ್ಟಿಗೆಯ ಕಟ್ಟೆಯಿಂದ ಅಜ್ಜಿಯನ್ನು ಎಬ್ಬಿಸಿ ತಂದು ಟಿವಿಯ ಮುಂದೆ ಕೂರಿಸಿದಳು. "ಅವ್ವಾ, ನಾನು ಅಲ್ಲಿಂದ ಕೂಗ್ತೀನಿ. ಬಂದ್ರೆ ಐತೆ ಅನ್ನು, ಬರದಿದ್ರೆ ಇಲ್ಲ ಅನ್ನು." ಹಿತ್ತಲಿನಲ್ಲಿ ಸ್ಪ್ಯಾನರ್ ಹಿಡಿದು ಅತ್ತೆ ಡಿಶ್ಶನ್ನು ಬೆರಳಗಲ ಸರಿಸುವುದು, "ಅವ್ವಾ?" ಎನ್ನುವುದು, ಕಿಟಕಿಯಿಂದ "ಇಲ್ಲ" ಎಂದು ಬರುವುದು. ಹೀಗೇ ಬಿಸಿಲು ಗೋಡೆಯಿಂದ ಇಳಿದು ಅಂಗಳದ ನಡುವಿಗೆ ಬಂತು. ಅಜ್ಜಿಯ ದನಿ ಸಣ್ಣಗಾಗುತ್ತ ಹೋಯಿತು. ಕೊಟ್ಟಿಗೆಯ ನೆರಳಿನಲ್ಲಿ ನಿಂತಿದ್ದ ನನಗೆ, ಆ ಒಂದೊಂದು 'ಇಲ್ಲ'ಕ್ಕೂ ನಾನೇ ಕಾರಣವೆನ್ನಿಸಿತು. ಮತ್ತೆ ಅತ್ತೆ ಕೂಗಿದಳು. ಉತ್ತರ ಬರಲಿಲ್ಲ. "ಅವ್ವಾ, ಬಂತಾ?" ಅತ್ತೆ ಹೆದರಿ ಸ್ಪ್ಯಾನರ್ ಬಿಸಾಡಿ ಒಳಗೆ ಓಡಿದಳು, ಹಿಂದೆ ನಾನು. ಅಜ್ಜಿ ಚೆನ್ನಾಗಿಯೇ ಕೂತಿದ್ದಳು. ನಮ್ಮತ್ತ ತಿರುಗದೆ ಒಂದು ಕೈ ಎತ್ತಿದಳು. "ಸುಮ್ನಿರ್ರೇ. ಮಾತಾಡ್ತಾವ್ರೆ."

ತೊಳೆದ ಕನ್ನಡಿಯಂಥ ಚಿತ್ರ. ಅಷ್ಟು ಸ್ವಚ್ಛವಾದ ಚಿತ್ರವನ್ನು ನಮ್ಮ ಊರು ಅದುವರೆಗೆ ಕಂಡಿರಲಿಲ್ಲ. ಗ್ರೀಸು ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಂಜತ್ತೆ ಅಜ್ಜಿಯ ಪಕ್ಕ ನೆಲಕ್ಕೆ ಕೂತಳು, ಕೂತು ನಕ್ಕಳು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಸಂಜೆಯ ಹೊತ್ತಿಗೆ ಅಂಗಳದ ತುಂಬ ಜನ. ಸಂತೆಗೆ ಇಳಿದಿದ್ದ ಮಲೆಯವರೂ ತಲೆಹೊರೆ ಇಳಿಸಿ ನಿಂತು ನೋಡಿದರು. ಕನ್ನಡ ಚಾನೆಲ್ ಈಗ ಹತ್ತನೇ ನಂಬರಿಗೆ ಹೋಗಿದ್ದರಿಂದ ಅತ್ತೆ ಮತ್ತೊಂದು ಸುತ್ತು ಮನೆಮನೆಗೆ ನಡೆದಳು. ಮುದುಕರ ಬೆರಳು ಹಿಡಿದು ತಿರುಪು ತಿರುಗಿಸಿ ಕಲಿಸಿದಳು. ಮಾದಪ್ಪಜ್ಜನ ಮನೆಯಲ್ಲಿ ಅವಳ ಸೆರಗಿಗೆ ಬೆಲ್ಲ, ಕಡಲೆ ಕಟ್ಟಿ ಕಳಿಸಿದರು. ಖಾಲಿಯಾದ ಆರಕ್ಕೆ ತಮಿಳು ಪಾಟಿನ ಚಾನೆಲ್ ಹಾಕಿ ನನ್ನನ್ನು ಕರೆದಳು. "ನಿನ್ ಪಾಟೂ ಇರ್ಲಿ, ಅವ್ವನ ಮಾತೂ ಇರ್ಲಿ. ತಂತಿಗೆ ಏನು ಬಾರನಾ?"

ಆ ಸಂಜೆಗಳಲ್ಲಿ ನಾನು ಅಜ್ಜಿಯ ಪಕ್ಕ ಕೂರತೊಡಗಿದೆ. ಶಾಲೆಯಲ್ಲಿ ನಾನು ಕಲಿತದ್ದು ತಮಿಳು ಅಕ್ಷರ. ಮನೆಯಲ್ಲಿ ಆಡುವ ಮಾತಿಗೂ ಅಕ್ಷರ ಇದೆ ಎಂಬುದು ಟಿವಿ ತೋರಿಸುವವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ವಾರ್ತೆಯವಳು ಬಾಯಲ್ಲಿ ಹೇಳಿದ್ದನ್ನು ಕೆಳಗೆ ಬರೆದದ್ದರ ಜೊತೆ ಹೊಂದಿಸುತ್ತ ಹೊಂದಿಸುತ್ತ ಒಂದು ದಿನ 'ಮಳೆ' ಎಂದು ಓದಿದೆ. "ಅಂಗೇ ಬರ್ದವ್ರಾ?" ಎಂದು ಅಜ್ಜಿ ಮುಂದಕ್ಕೆ ಬಗ್ಗಿದಳು. "ಎಲ್ಲೈತೆ, ತೋರ್ಸು."

ಅಜ್ಜಿ ಹೋದಳು. ನಂಜತ್ತೆಯೂ ಹೋದಳು. ಮನೆಯಿದ್ದಲ್ಲಿ ಈಗ ಯಾರದೋ ಮರಗೆಣಸಿನ ಹೊಲ. ನಾನು ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.