ಅಟ್ಟಕ್ಕೆ ಹಾಕಿದ ಷೇರು

…ಅದು ಭಾನುವಾರ ಇರಲಾರದು, ಭಾನುವಾರದ ಪತ್ರಿಕೆಯಲ್ಲಿ ಷೇರು ಬೆಲೆ ಇರುತ್ತಿರಲಿಲ್ಲ. ಆದರೂ ನೆನಪಿನಲ್ಲಿ ಅದು ಭಾನುವಾರವೇ: ಹೆಂಡತಿ ತಲೆ ಒರೆಸಿಕೊಳ್ಳುತ್ತಿದ್ದಾಳೆ, ನಾನು ಬೆಲೆ ಓದಿ ಹೇಳುತ್ತಿದ್ದೇನೆ. ಬೇರೆ ಬೇರೆ ದಿನಗಳನ್ನು ನಾನೇ ಹೊಲಿದು ಒಂದು ಮಾಡಿರಬಹುದು. ತೊಂಬತ್ತರ ದಶಕ ಎನ್ನುವುದಷ್ಟೇ ನಿಜ.

ಆಗ ನಾನು ತುಮಕೂರಿನ ಪಕ್ಕದ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಅವಳು ಕುಣಿಗಲ್‌ನಲ್ಲಿ ಟೀಚರು. ತುಮಕೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿಬಂದು ಅವಳ ಬೆನ್ನು ಹಿಡಿದುಕೊಂಡಿತ್ತು. ಶಾಲೆಯ ಹತ್ತಿರ ಒಂದು ಸೈಟು ನೋಡಿ, ಕೊಳ್ಳುತ್ತೇವೆ ಎಂದು ಹೇಳಿಟ್ಟಿದ್ದೆವು. ಅಲ್ಲಿ ಮನೆ ಕಟ್ಟಿದರೆ ಬಸ್ಸು ಹತ್ತುವುದು ನನ್ನ ಪಾಲಿಗೆ ಬರುತ್ತಿತ್ತು. ಕೂಡಿಟ್ಟ ಹಣ ಸೈಟಿಗೆ ಸಾಲುತ್ತಿರಲಿಲ್ಲ. ಅದು ಬೆಳೆಯಲಿ ಎಂದು ಷೇರು ಕೊಂಡೆವು.

ಹಿರೇಹಳ್ಳಿಯಲ್ಲಿ ಪಂಪಿನ ಬಿಡಿಭಾಗ ಮಾಡುವ ಕಂಪನಿ. ಅದರ ವಾರ್ಷಿಕ ವರದಿಯನ್ನು ನಾನು ಪೂರ್ತಿ ಓದಿದ್ದೆ. ಜಮೀನು, ಶೆಡ್ಡು, ಯಂತ್ರ ಎಲ್ಲ ಸೇರಿಸಿ, ಸಾಲ ಕಳೆದು, ಉಳಿದದ್ದನ್ನು ಷೇರುಗಳಿಗೆ ಹಂಚಿ ನೋಡಿದರೆ, ಒಂದು ಷೇರಿಗೆ ಬರುವ ಮೊತ್ತದ ಅರ್ಧಕ್ಕೂ ಕಡಿಮೆ ಮಾರುಕಟ್ಟೆಯ ಬೆಲೆ.

“ಇವತ್ತೇ ಮುಚ್ಚಿ ಮಾರಿದ್ರೂ ನಮ್ಗೆ ಲಾಭ,” ಎಂದೆ ಸ್ಟೋರ್ಸಿನ ಗೆಳೆಯನಿಗೆ.

“ಮುಚ್ಚಿ ಮಾರೋನು ಯಾರ್ಲಾ? ನೀನಾ? ಗೇಟಲ್ಲಿ ವಾಚ್‌ಮನ್ನು ನಿನ್ನ ಒಳಕ್ಕೇ ಬುಡಲ್ಲ ಕಣೋ!”

ನಕ್ಕೆವು. ಬಹುಶಃ ಅವನೊಬ್ಬನೇ ನಕ್ಕಿರಬೇಕು.

ಬೆಲೆ ಇಳಿಯತೊಡಗಿತು. ಗುಬ್ಬಿ ಕಡೆಯ ಹಳ್ಳಿಯಲ್ಲಿ ಮಾವನಿಗೆ ತೆಂಗಿನ ತೋಟವಿತ್ತು. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ, ಒಳಗೇ ನೀರಾರಿ ಉಂಡೆ ಕೊಬ್ಬರಿಯಾಗುತ್ತದೆ. ಅವಸರಪಟ್ಟು ಇಳಿಸಿದವನಿಗೆ ನಷ್ಟ. ಊಟಕ್ಕೆ ಕೂತಾಗ ಮಾವ ಅದನ್ನೇ ಹೇಳಿದರು.

“ಅಳಿಯಂದ್ರೇ, ಅಟ್ಟಕ್ಕಾಕಿದ್ ಕಾಯಿನ ದಿನಾ ಹತ್ತಿ ಮುಟ್ಟಿ ನೋಡ್ತಾರಾ? ಇರ್ಲಿ ಬುಡಿ. ಒಣಗೋದು ಅದ್ರ ಕೆಲ್ಸ.”

“ಅಪ್ಪಾ, ಕಾಯಿ ಕೊಳೆತ್ರೆ ವಾಸ್ನೆ ಬರುತ್ತೆ,” ಎಂದಳು ಅವಳು, ಸಾರು ಬಡಿಸುತ್ತಾ. “ಕಾಗ್ದ ಕೊಳೆತ್ರೆ ಏನ್ ಬರುತ್ತೆ?”

“ನೀನ್ ಸುಮ್ನಿರವ್ವ.”

ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಮ್ಮ ಕಡೆಯವರಿಗೆ ಅಟ್ಟದ ಕಾಯಿಯ ಮಾತು ಬುದ್ಧಿವಾದದಂತೆ ಕೇಳಿಸುತ್ತದೆ. ಷೇರುಪತ್ರಗಳನ್ನು ಬೀರುವಿನ ಮೇಲಿನ ಖಾನೆಯಲ್ಲಿಟ್ಟು, ವರದಿಗಳು ಬಂದರೂ ಲಕೋಟೆ ಒಡೆಯುವುದನ್ನು ಬಿಟ್ಟೆ. ತಾಳ್ಮೆ ಎಂದರೆ ಮುಟ್ಟದಿರುವುದು ಎಂದುಕೊಂಡಿದ್ದೆ. ಕಾಯಿಗೆ ಅದು ಸರಿ. ಕಂಪನಿಯನ್ನು ವರ್ಷವರ್ಷವೂ ಹೊಸದಾಗಿ ತೂಗಬೇಕು ಎಂದು ತಿಳಿದದ್ದು ಆಮೇಲೆ.

ವರದಿಗಳು ಬರುವುದೇ ನಿಂತಾಗ ಹಿರೇಹಳ್ಳಿಗೆ ಹೋದೆ. ಗೇಟಿಗೆ ಬೀಗ. ಎದುರಿನ ಟೀ ಅಂಗಡಿಯವನು, “ಅದಾ? ನಿಂತೋಗಿ ಬಾಳ ದಿನ ಆಯ್ತಲ್ಲ ಸಾರ್,” ಎಂದು ಲೋಟ ತೊಳೆಯುತ್ತಲೇ ಇದ್ದ. ನಾನು ಟೀ ಕುಡಿದೆ. ಸಕ್ಕರೆ ಜಾಸ್ತಿಯಿತ್ತು. ಎದೆ ಕುಸಿಯಿತು ಎಂದು ಬರೆಯಬಹುದು, ಹಾಗೇನೂ ಆಗಲಿಲ್ಲ. ಬೇರೆ ಯಾರದೋ ಸಾಮಾನು ಕಳೆದಂತಿತ್ತು.

ಮನೆಯಲ್ಲಿ ಹೇಳಿದೆ. ಅವಳು ಬೆನ್ನಿನ ಕೆಳಗೆ ದಿಂಬು ಸರಿಸಿಕೊಂಡಳು.

“ಹಂಗಾದ್ರೆ ಸೈಟಿನವ್ರಿಗೆ ಬ್ಯಾಡ ಅಂದ್ಬಿಡ್ರಿ. ಪಾಪ, ಕಾಯ್ತಾವ್ರೆ.”

ಅಂದುಬಿಟ್ಟೆ. ಆ ಸೈಟಿನಲ್ಲಿ ಬೇರೆಯವರ ಮನೆ ಎದ್ದಿತು. ಅವಳು ಇನ್ನೂ ಅನೇಕ ವರ್ಷ ಕುಣಿಗಲ್ ಬಸ್ಸು ಹತ್ತಿದಳು, ಕಂಬಿ ಹಿಡಿದು, ಒಂದು ಕಡೆ ವಾಲಿಕೊಂಡು. ಮುಂದೆ ನಾನು ಬೇರೆ ಷೇರುಗಳನ್ನು ಕೊಂಡೆ, ಕೆಲವು ಚೆನ್ನಾಗಿ ಬೆಳೆದವು. ಅಷ್ಟರಲ್ಲಿ ಅವಳ ರಿಟೈರ್‌ಮೆಂಟ್ ಹತ್ತಿರವಾಗಿತ್ತು.

ಕೊಂಡ ದಿನ ಆ ಕಂಪನಿ ನಿಜಕ್ಕೂ ಅಗ್ಗವಾಗಿತ್ತೇ, ಅಥವಾ ಆಗಲೇ ಸತ್ತಿತ್ತೇ? ಆ ಜಮೀನು, ಆ ಯಂತ್ರಗಳು ವರದಿಯಲ್ಲಿ ಬರೆದಷ್ಟು ಬೆಲೆ ಬಾಳುತ್ತಿದ್ದವೇ? ನನಗೆ ಗೊತ್ತಿಲ್ಲ. ಅವಳ ಬೆನ್ನು ಎಷ್ಟು ನೋಯುತ್ತಿತ್ತು ಎನ್ನುವುದೂ ಗೊತ್ತಿಲ್ಲ, ಅವಳು ಹೇಳಲಿಲ್ಲ.