ಬೆಳಗ್ಗೆ ಹೊರಡದ ಗಾಡಿ

ನನ್ನ ಯಜಮಾನರು ಬಸ್ಸಿನ ಡ್ರೈವರ್ ಆಗಿದ್ದವರು. ಮಂಡ್ಯ, ಮದ್ದೂರು, ಮಳವಳ್ಳಿಯ ನಡುವಿನ ರಸ್ತೆಗಳಲ್ಲಿ ಅವರ ಬಸ್ಸು ಇಳಿದು ಹತ್ತದ ಗುಂಡಿಯಿಲ್ಲ. ಸರ್ವಿಸ್ ಮುಗಿಸಿ ಮನೆಗೆ ಬಂದ ಮೇಲೆ ಕಾಲು ಚಾಚಿಕೊಂಡು ಕೂರುತ್ತಾರೆ, ನಾನೂ ಸಂಜೆ ಹೊತ್ತು ಒಂದಿಷ್ಟು ಬೈದುಕೊಂಡು ಹಾಯಾಗಿರುತ್ತೇನೆ ಅಂದುಕೊಂಡಿದ್ದೆ. ಅವರು ಕೂರಲಿಲ್ಲ. "ಸ್ಟೇರಿಂಗ್ ಇಡೀದಿದ್ರೆ ಕೈಯ ಎಲ್ ಮಡೀಕಬೇಕು ಅಂತ್ಲೇ ಗೊತ್ತಾಗಕಿಲ್ಲ ಕಣಮ್ಮಿ" ಎಂದರು. ಸರಿ, ಒಂದು ಕಾರು ತಂದೆವು. ನಾನು ಮಳವಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಕಿರುಗಾವಲಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದ ನನ್ನನ್ನು ಅಂದಿನಿಂದ ಅವರೇ ಕರೆದುಕೊಂಡು ಹೋಗಿ ಬಿಡತೊಡಗಿದರು.

ಆ ಕಾರಿಗೆ ಕೀಲಿ ತಿರುಗಿಸುವ ಜಾಗವಿಲ್ಲ. ಕೀಲಿ ಜೇಬಿನಲ್ಲಿದ್ದರೆ ಸಾಕು, ಒಂದು ಗುಂಡಿ ಅದುಮಬೇಕು. ಕ್ಲಚ್ಚೂ ಇಲ್ಲ, ಹಾಗಾಗಿ ಎಡಗಾಲಿಗೆ ಕೆಲಸವೇ ಇಲ್ಲ. ಬಲಗಾಲಿನಲ್ಲಿ ಬ್ರೇಕ್ ಒತ್ತಿ ಹಿಡಿದು ಗುಂಡಿ ಅದುಮಿದರೆ ಇಂಜಿನ್ ಹೊರಡುತ್ತದೆ. ಬ್ರೇಕ್ ಒತ್ತದೆ ಅದುಮಿದರೆ ದೀಪ ಹತ್ತುತ್ತದೆ, ರೇಡಿಯೋ ಮಾತಾಡುತ್ತದೆ, ಇಂಜಿನ್ ಮಾತ್ರ ಸುಮ್ಮನಿರುತ್ತದೆ. "ಇದೇನ್ ಗಾಡಿನಾ, ಮಿಕ್ಸಿನಾ?" ಎಂದು ನಕ್ಕಿದ್ದರು. ಆದರೂ ಅದರ ಮೇಲೆ ಅವರಿಗೆ ಎಲ್ಲಿಲ್ಲದ ಭಕ್ತಿ. ಡ್ಯೂಟಿಯಲ್ಲಿ ಶೂ ಹಾಕಿಕೊಂಡೇ ಬಸ್ಸು ಓಡಿಸಿದವರು ಸ್ವಂತ ಗಾಡಿಗೆ ಬರಿಗಾಲಿನಲ್ಲೇ ಹತ್ತುತ್ತಿದ್ದರು. ಚಪ್ಪಲಿಯನ್ನು ಕೈಯಲ್ಲಿ ಎತ್ತಿ ಹಿಂದಿನ ಸೀಟಿನ ಕೆಳಗಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುತ್ತಿದ್ದರು.

ಮೊದಲ ವರ್ಷ ಏನೂ ತೊಂದರೆಯಿರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಗಾಡಿ ಹೊರಡಲಿಲ್ಲ. ಗುಂಡಿ ಅದುಮಿದರು, ದೀಪ ಬಂತು, ರೇಡಿಯೋದಲ್ಲಿ ಯಾರೋ ಅಡಿಗೆ ಹೇಳಿಕೊಡುತ್ತಿದ್ದರು, ಇಂಜಿನ್ ಇಲ್ಲ. ಮತ್ತೆ ಮತ್ತೆ ಅದುಮಿದ ಮೇಲೆ ಹೊರಟಿತು. ಮಾರನೆಯ ದಿನ ಸರಿಯಿತ್ತು. ಅದರ ಮಾರನೆಯ ದಿನ ಮತ್ತೆ ಅದೇ ಕತೆ. ಮಳವಳ್ಳಿಯಿಂದ ವಾಪಸ್ ಬರುವಾಗ ಒಂದೂ ದಿನ ಕೈಕೊಡಲಿಲ್ಲ, ಬೆಳಗ್ಗೆ ಮನೆ ಮುಂದೆಯೇ ಅದರ ಹಟ. ನಮ್ಮ ಮನೆ ಎದುರಿಗೇ ಟೀ ಅಂಗಡಿ. ಅಲ್ಲಿ ಕೂತವರಿಗೆ ಹೊತ್ತು ಕಳೆಯಲು ಇದಕ್ಕಿಂತ ಒಳ್ಳೆಯ ಆಟ ಬೇಕೆ? ಗ್ಲಾಸು ಹಿಡಿದುಕೊಂಡೇ ಬಂದು ಸುತ್ತ ನಿಲ್ಲುತ್ತಿದ್ದರು.

"ಬೆಳಗ್ಗೆ ಅಂದ್ಮೇಲೆ ಬ್ಯಾಟ್ರಿನೇ ಕಣಣ್ಣೋ. ರಾತ್ರಿಯೆಲ್ಲ ನಿಂತು ಇಳ್ದೋಯ್ತದೆ" ಎಂದ ಒಬ್ಬ. ಬ್ಯಾಟರಿ ಬದಲಾಯಿಸಿದೆವು. ಒಂದು ವಾರ ನೆಟ್ಟಗಿದ್ದು ಮತ್ತೆ ಹಾಗೇ ಆಯಿತು. ಕೀಲಿಯೊಳಗಿನ ಸಣ್ಣ ಸೆಲ್ಲು ಹೋಗಿರಬೇಕು, ಗಾಡಿಗೆ ಕೀಲಿಯ ಗುರುತೇ ಸಿಗುತ್ತಿಲ್ಲ ಎಂದ ಇನ್ನೊಬ್ಬ. ಅದನ್ನೂ ಹಾಕಿಸಿದೆವು. ಕೊನೆಗೆ ಮಳವಳ್ಳಿಯ ಮೆಕ್ಯಾನಿಕ್ ಹತ್ತಿರ ಬಿಟ್ಟೆವು. ಆತ ಕೂತು ಗುಂಡಿ ಅದುಮಿದರೆ ಒಂದೇ ಏಟಿಗೆ ಹೊರಟಿತು. ಡಾಕ್ಟರ ಮುಂದೆ ಕೂತ ತಕ್ಷಣ ಮಾಯವಾಗುವ ಹೊಟ್ಟೆನೋವಿನ ಹಾಗೆ. ಇವರ ಮುಖ ಸಪ್ಪಗಾಯಿತು. "ರಿಪೇರಿ ಏನೂ ಕಾಣ್ತಿಲ್ಲ ಸಾರ್" ಎಂದಾಗ, "ಸರ್ಯಾಗ್ ನೋಡಪ್ಪ, ಇನ್ನೊಂದ್ಸಲ ಬಿಚ್ ನೋಡು" ಎಂದು ಗೋಗರೆದರು. ಗಾಡಿ ಚೆನ್ನಾಗಿದೆ ಅಂದರೆ ಖುಷಿ ಪಡುವುದು ಬಿಟ್ಟು ಇವರೇಕೆ ಹೀಗಾಡುತ್ತಾರೆ ಎಂದು ನನಗೆ ರೇಗಿತು.

ಹೊರಡದಿದ್ದಾಗಲೆಲ್ಲ ಸ್ಟೇರಿಂಗ್ ಹಿಂದಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು. ಬ್ರೇಕ್ ಒತ್ತಿ ಎಂದು ಅದರ ಅರ್ಥ. ನಾನು ಓದಿ ಹೇಳಿದರೆ ಅವರು, "ಒತ್ತಿವ್ನಲ್ಲಮ್ಮಿ. ಆ ಪೆಟ್ಗೆಗೇನ್ ಗೊತ್ತು?" ಎನ್ನುತ್ತಿದ್ದರು. ಮೆಕ್ಯಾನಿಕ್‌ಗೂ ಹೇಳಿದೆ. ಪೆಡಲ್ ಮೇಲುಗಡೆ ಒಂದು ಪುಟ್ಟ ಸ್ವಿಚ್ಚಿದೆ, ಬ್ರೇಕ್ ಒತ್ತಿದ್ದನ್ನು ಗಾಡಿಗೆ ತಿಳಿಸುವುದು ಅದೇ, ಅದು ಸವೆದಿರಬೇಕು ಎಂದು ಹೊಸದು ಹಾಕಿದ. ರಾತ್ರಿ ನಿಂತ ಗಾಡಿಯ ಪೆಡಲ್ಲು ಬೆಳಗ್ಗೆ ಗಟ್ಟಿಯಾಗಿರುತ್ತದೆ, ಸ್ವಲ್ಪ ಜೋರಾಗಿ ಒತ್ತಬೇಕು ಎಂದೂ ನನಗೆ ಹೇಳಿದ. ಆ ಮಾತನ್ನು ನನ್ನ ಗಂಡನ ಕಡೆ ತಿರುಗಿ ಹೇಳಲಿಲ್ಲ. ಅಷ್ಟು ವರ್ಷ ಜನರ ಜೀವ ಹೊತ್ತು ಬಸ್ಸು ಓಡಿಸಿದ ಮನುಷ್ಯನಿಗೆ ಬ್ರೇಕ್ ಒತ್ತುವುದು ಹೇಗೆಂದು ಈ ಸೀಮೆಯಲ್ಲಿ ಯಾರು ಹೇಳುತ್ತಾರೆ? ಗಾಡಿಯ ಮಾತು ಸುಳ್ಳಿರಬೇಕು, ಡ್ರೈವರಣ್ಣನ ಮಾತು ನಿಜವಿರಬೇಕು. ಟೀ ಅಂಗಡಿಯವರಿಂದ ಹಿಡಿದು ನನ್ನವರೆಗೆ ಎಲ್ಲರೂ ನಂಬಿದ್ದು ಅದನ್ನೇ.

ಹೊಸ ಸ್ವಿಚ್ಚು ಹಾಕಿಸಿದ ಮೇಲಿನ ಸೋಮವಾರ ಮತ್ತೆ ಹೊರಡಲಿಲ್ಲ. ಶಾಲೆಯಲ್ಲಿ ಪರೀಕ್ಷೆಯಿತ್ತು, ನನ್ನ ತಲೆ ಕಾದಿತ್ತು. ಏನಾದರೂ ಬೈಯೋಣ ಎಂದು ಅವರತ್ತ ತಿರುಗಿದವಳಿಗೆ ಅವರ ಕಾಲು ಕಂಡಿತು. ಬರಿಗಾಲು ಬ್ರೇಕಿನ ಮೇಲೇ ಇತ್ತು. ಆದರೆ ಸುಮ್ಮನೆ ಇತ್ತು. ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಲಗಿರುತ್ತಾರಲ್ಲ, ಹಾಗೆ.

"ರೀ, ಬ್ರೇಕ್ ಒತ್ತೇ ಇಲ್ಲ ನೀವು" ಎಂದೆ.

"ಒತ್ತಿವ್ನಿ ಕಣಮ್ಮಿ. ಎಷ್ಟ್ ಸಲ ಯೋಳದು?"

ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಗುಂಡಿ ಅದುಮುತ್ತಲೇ ಇದ್ದರು, ಕಣ್ಣು ಪರದೆಯ ಮೇಲೇ ಇತ್ತು. ನಾನು ಬಗ್ಗಿದೆ. ಅವರ ಪಾದದ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಅವರು ಕೆಳಗೆ ನೋಡಲಿಲ್ಲ. ಹೆಬ್ಬೆರಳನ್ನು ಹಿಡಿದು ಉಗುರು ಊರುವ ಹಾಗೆ ಚಿವುಟಿದೆ. ಆಗಲೂ ನೋಡಲಿಲ್ಲ.

"ಯಾಕಮ್ಮಿ ಬಗ್ಗಿದ್ದೀಯ? ಏನಾರ ಬಿದ್ದೋಯ್ತಾ?" ಎಂದು ಕೇಳಿದರು.

"ನಿಮ್ಮ ಕಾಲು ಹಿಡ್ಕೊಂಡಿದೀನಿ ಕಣ್ರೀ" ಎಂದೆ. ಅವರು ಆಗ ಕೆಳಗೆ ನೋಡಿದರು. ನನ್ನ ಕೈಯನ್ನೂ ತಮ್ಮ ಕಾಲನ್ನೂ ಬೇರೆ ಯಾರದ್ದೋ ಎಂಬಂತೆ ನೋಡಿದರು. ರೇಡಿಯೋ ಆರಿಸಿದರು. ಅವರಿಗೆ ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇತ್ತು. ಮಾತ್ರೆ ನುಂಗುತ್ತಾರೆ, ಮುದ್ದೆ ಉಣ್ಣುತ್ತಾರೆ, ಇನ್ನೇನು ಎಂದು ನಾವಿಬ್ಬರೂ ಅದನ್ನು ಮನೆಯ ಹಳೇ ನೆಂಟನ ಹಾಗೆ ಇಟ್ಟುಕೊಂಡಿದ್ದೆವು.

ಅಳು ಬರಬೇಕಿತ್ತು, ನನಗೆ ಸಿಟ್ಟು ಬಂತು. ಈ ಕಾಲಿನಲ್ಲೇ ನಿನ್ನೆ ಮೊನ್ನೆಯವರೆಗೆ ನನ್ನನ್ನು ಕೂರಿಸಿಕೊಂಡು, ಶಾಲೆ ಬಿಟ್ಟ ಮಕ್ಕಳ ನಡುವೆ, ಕಬ್ಬಿನ ಗಾಡಿಗಳ ಹಿಂದೆ ಓಡಾಡಿದ್ದಾರಲ್ಲ ಎಂದು ನೆನೆದು ಬಾಯಿಗೆ ಬಂದಂತೆ ಬೈದೆ. ಅವರು ಹಿಂದಿನ ಸೀಟಿನ ಕೆಳಗಿಂದ ಚಪ್ಪಲಿ ತೆಗೆದು, ಕಾಲಿಗೆ ಸರಿಯಾಗಿ ಸಿಕ್ಕಿತೋ ಇಲ್ಲವೋ ಎಂದು ಕಣ್ಣಿನಲ್ಲೇ ನೋಡಿ ನೋಡಿ ಹಾಕಿಕೊಂಡು ಒಳಗೆ ಹೋದರು.

ಅವತ್ತು ಬಸ್ಸು ಹಿಡಿದು ಹೋಗಿ ಪರೀಕ್ಷೆ ಮುಗಿಸಿಕೊಂಡು ಬಂದೆ. ಮಾರನೆಯ ದಿನ ರಜೆ ಹಾಕಿ, ಬಸ್ಸಿನಲ್ಲೇ ಮಂಡ್ಯಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಅವರಿಗೆ ಕಣ್ಣು ಮುಚ್ಚಿಸಿದರು. ಮೀನು ಹಿಡಿಯುವ ನೂಲಿನಂಥ ಒಂದು ಎಳೆಯನ್ನು ಪಾದಕ್ಕೆ ಮುಟ್ಟಿಸುತ್ತೇನೆ, ಗೊತ್ತಾದಾಗ ಊಂ ಅನ್ನಿ ಎಂದರು. ಮುಟ್ಟಿಸಿದಾಗ ಇವರು ಸುಮ್ಮನಿದ್ದರು. ಏನೂ ಮುಟ್ಟಿಸದೆ ಡಾಕ್ಟರು ಎಳೆಯನ್ನು ಹಿಂದಕ್ಕೆ ತೆಗೆದುಕೊಂಡಾಗ "ಊಂ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ "ಊಂ" ಎಂದರು. ಶಾಲೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ಹೀಗೇ ಅಂದಾಜಿನ ಮೇಲೆ ಹೇಳುತ್ತಾರೆ, ಅವರಿಗೆ ನಾನು ಗದರುತ್ತೇನೆ. ಅಲ್ಲಿ ಗೋಡೆಯ ಕಡೆ ತಿರುಗಿ ನಿಂತೆ.

ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸತ್ತಿವೆ, ಮತ್ತೆ ಬರುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ದಿನಾ ಪಾದ ನೋಡಿಕೊಳ್ಳಿ, ಗಾಯವಾದರೂ ಗೊತ್ತಾಗುವುದಿಲ್ಲ ಎಂದರು. ಇವರು ಎಲ್ಲದಕ್ಕೂ ತಲೆಯಾಡಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ನನ್ನ ಕಡೆ ತಿರುಗದೆಯೇ ಹೇಳಿದರು: "ವಸಿ ಅನುಮಾನ ಇತ್ತು ಕಣಮ್ಮಿ. ಒಂದಿನ ಸಂತೆಯಿಂದ ಬರ‍್ವಾಗ ಒಂದ್ ಕಾಲಿನ ಚಪ್ಲಿ ಎಲ್ಲೋ ಉದ್ರೋಗದೆ, ಮನೆ ಬಾಗ್ಲಿಗೆ ಬರಗಂಟ ನಂಗೆ ಗೊತ್ತೇ ಆಗ್ನಿಲ್ಲ." ಮತ್ತೆ, "ಆ ಮೆಕ್ಯಾನಿಕ್ಕು ಬಾನೆಟ್ ಎತ್ತಿದಾಗ್ಲೆಲ್ಲ, ದ್ಯಾವ್ರೇ, ಗಾಡೀಲೇ ಏನಾರ ಸಿಗ್ಲಪ್ಪ ಅಂತ ಬೇಡ್ಕತಿದ್ದೆ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಬಸ್ಸಿನಲ್ಲಿ ಹಾಗೆಲ್ಲ ಕೈ ಹಿಡಿದು ಕೂರುವ ಜನವಲ್ಲ ನಾವು. ಅವತ್ತು ಯಾರು ನೋಡಿದರೂ ನೋಡಲಿ ಅನ್ನಿಸಿತು.

ನಾನು ಮಳವಳ್ಳಿಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಗೊಂಡೆ. ಬೆಳಗ್ಗೆ ಅವರು ಗಾಡಿಯ ಗಾಜು ಒರೆಸಿ, ನನ್ನ ಎಡಗಡೆ ಕೂತು ಮಳವಳ್ಳಿಯವರೆಗೆ ಬರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹಳೇ ಜೊತೆಗಾರರೊಡನೆ ಟೀ ಕುಡಿದು ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದರು. ಮೊದಲ ದಿನವೇ ಟೀ ಅಂಗಡಿಯವನೊಬ್ಬ ಕೇಳಿದ: "ಇದೇನಣ್ಣೋ, ಅಕ್ಕನ್ ಕೈಗೆ ಕೊಟ್ಬುಟ್ಟೆ?"

"ಊಂ ಕಣ್ಲಾ. ಸ್ಟಾರ್ಟಿಂಗ್ ತೊಂದ್ರೆ ಇನ್ನೂ ಓಗಿಲ್ಲ, ನಂಗೆ ರೇಗೋಯ್ತದೆ. ಮೇಡಮ್ಮಂಗಾದ್ರೆ ತಾಳ್ಮೆ ಜಾಸ್ತಿ" ಎಂದರು.

ನನ್ನ ತಾಳ್ಮೆ ಎಷ್ಟೆಂದು ಮಳವಳ್ಳಿಯ ಹುಡುಗರನ್ನು ಕೇಳಬೇಕು. ಆದರೆ ಅವರ ಮಾತು ಮುಗಿದಾಗ ಅಂಗಡಿಯವರೆಲ್ಲ ನನ್ನ ಗಾಡಿಯನ್ನೇ ನೋಡುತ್ತಿದ್ದರು. ನಾನು ಬ್ರೇಕಿನ ಮೇಲಿಂದ ಕಾಲು ತೆಗೆದು ಗುಂಡಿ ಅದುಮಿದೆ. ದೀಪ ಬಂತು, ರೇಡಿಯೋ ಬಂತು, ಇಂಜಿನ್ ಬರಲಿಲ್ಲ. ಯಜಮಾನರು ನನ್ನ ಕಾಲಿನತ್ತ ಒಮ್ಮೆ ನೋಡಿದರು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ನೋಡ್ದಾ?" ಎಂದು ಅವನಿಗೆ ಹೇಳಿದರು.

ಅಂದಿನಿಂದ ಅಂಗಡಿ ಮುಂದೆ ಜನ ಇದ್ದರೆ ನಾನು ಹಾಗೇ ಮಾಡುತ್ತಿದ್ದೆ. ಒಂದೆರಡು ಸಲ ಸುಳ್ಳು ಅದುಮಿ ಆಮೇಲೆ ಹೊರಡುವುದು. ಮಕ್ಕಳ ಸುಳ್ಳನ್ನು ಮೂಗಿನಲ್ಲೇ ಹಿಡಿಯುವವಳು ನಾನು, ಆ ಸುಳ್ಳು ಹೇಳುವಾಗ ನನಗೆ ಒಂದು ಚೂರೂ ಅಳುಕಾಗಲಿಲ್ಲ. ಆ ವಿಷಯ ನಾವಿಬ್ಬರೂ ಮಾತಾಡಿದ್ದೂ ಇಲ್ಲ.

ಆದರೆ ನಮ್ಮೂರ ಜನ ನೋಡಿ ಸುಮ್ಮನಿರುವವರಲ್ಲ. ಅದೇ ಟೀ ಅಂಗಡಿಯವನು ಒಂದು ಬೆಳಗ್ಗೆ ಬೆಸಗರಹಳ್ಳಿಯಿಂದ ತನ್ನ ಭಾವಮೈದುನನನ್ನು ಕರೆಸಿದ್ದ. ವಾಹನಗಳ ವೈರಿಂಗ್ ಮಾಡುವವನಂತೆ. "ನಾವ್ ಕೈ ಅಡ್ಡ ಆಕ್ದಲ್ಲೆಲ್ಲ ಅಣ್ಣ ಎಷ್ಟ್ ಸಲ ಬಸ್ ನಿಲ್ಸಿಲ್ಲ? ಇಷ್ಟೂ ಮಾಡ್ದಿದ್ರೆ ಎಂಗೆ?" ಎಂದ. ಆ ಭಾವಮೈದುನ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದ. ನೆಲದ ಮೇಲೆ ಗೋಣಿಚೀಲ ಹಾಸಿ, ಬಾಗಿಲು ತೆಗೆದು, ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚಲು ನನ್ನ ಕಾಲ ಹತ್ತಿರ ಬಗ್ಗಿದ. ನಾನು ಕಾಲನ್ನು ಹಿಂದಕ್ಕೆಳೆದುಕೊಂಡು ಎಡಗಡೆ ನೋಡಿದೆ.

ಎಡಗಡೆಯ ಬಾಗಿಲು ತೆಗೆದುಕೊಂಡಿತು. ಯಜಮಾನರು ಇಳಿದು ಗಾಡಿ ಸುತ್ತಿ ಬಂದು ನಿಂತರು.

"ಬುಡಪ್ಪ, ಎದ್ದೇಳು. ಗಾಡಿ ನೆಟ್ಗೈತೆ" ಎಂದರು. ಆತ ತಲೆಯೆತ್ತಿ ನೋಡಿದ. ಅಂಗಡಿಯ ಮುಂದಿನವರೂ ನೋಡಿದರು. "ಕೆಟ್ಟೋಗಿರದು ನನ್ ಕಾಲು ಕಣ್ರಲಾ. ಪೆಡ್ಲು ಮುಟ್ಟಿದ್ರೆ ಗೊತ್ತಾಗಕಿಲ್ಲ. ನಮ್ಮ ಮೇಡಮ್ಮು ನನ್ ಮಾನ ಉಳ್ಸಕ್ಕೆ ದಿನಾ ನಾಟ್ಕ ಆಡ್ತಾವ್ಳೆ."

ಯಾರೂ ನಗಲಿಲ್ಲ. ಆ ಭಾವಮೈದುನ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಎದ್ದ. ನನ್ನ ಕಣ್ಣು ಮಂಜಾಗಿ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. ಅವರು ನಿಧಾನಕ್ಕೆ ಕಾಲಿನ ಮೇಲೆ ಕಣ್ಣಿಟ್ಟುಕೊಂಡೇ ಮತ್ತೆ ಸುತ್ತಿ ಬಂದು ಹತ್ತಿ ಕೂತರು. ನಾನು ಬ್ರೇಕನ್ನು ಪೂರ್ತಿ ಒತ್ತಿ ಗುಂಡಿ ಅದುಮಿದೆ. ಇಂಜಿನ್ ಮೊದಲ ಸಲಕ್ಕೇ ಬಂತು.

ಅವರು ಬಾಗಿಲೆಳೆದುಕೊಂಡು, ಕೈಯಲ್ಲಿ ಅದನ್ನು ಎರಡು ಸಲ ತಟ್ಟಿ, "ರೈಟ್" ಎಂದರು. ಅಷ್ಟು ವರ್ಷ ಹಿಂದಿನಿಂದ ಕಂಡಕ್ಟರ್ ಹೇಳಲೆಂದು ಕಾದು ಕೂತಿರುತ್ತಿದ್ದ ಮಾತನ್ನು ಅವತ್ತು ಅವರೇ ಹೇಳಿದರು.